ಓದುಗರ ಪ್ರಶ್ನೆ: ಸ್ಕ್ರಮ್ ಹಿಂದೆ ಸರಿದರೆ ಅಟ್ಯಾಕ್ ಎಲ್ಲಿಂದ ಬರಬೇಕು?

ಪ್ರಶ್ನೆ: ನಾವು ಒಂದಷ್ಟು ಗೆಳೆಯರು ಸೇರಿ ರಗ್ಬಿ ನೋಡುತ್ತೇವೆ, ಎಲ್ಲರೂ ಇಂಗ್ಲೆಂಡ್ ಕಡೆಯವರು. 2019ರ ವಿಶ್ವಕಪ್ ಫೈನಲ್ ಅನ್ನು ಮೊನ್ನೆ ಮತ್ತೆ ಹಾಕಿಕೊಂಡು ನೋಡಿದೆವು. ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡನ್ನು 19-7ರಿಂದ ಸೋಲಿಸಿದ ತಂಡ ಒಂದೇ ವಾರದಲ್ಲಿ ದಕ್ಷಿಣ ಆಫ್ರಿಕಾ ಎದುರು 12-32ರಿಂದ ಸೋತಿದ್ದು ಹೇಗೆ? ಇಂಗ್ಲೆಂಡಿನ ಆಟ ಕಟ್ಟುವ ಫೋರ್ಡ್, ಫ್ಯಾರೆಲ್ ಇಬ್ಬರನ್ನೂ ಒಟ್ಟಿಗೆ ಆಡಿಸಿದ್ದಕ್ಕೇ ಅಟ್ಯಾಕ್ ಸತ್ತುಹೋಯಿತು ಅಂತ ನನ್ನ ವಾದ. ಗೆಳೆಯ ಸ್ಕ್ರಮ್ (ಎರಡೂ ಕಡೆಯ ಎಂಟೆಂಟು ಜನ ತಲೆ ಒಳಗೆ ಹಾಕಿ ಚೆಂಡಿಗಾಗಿ ತಳ್ಳಾಡುವುದು) ಕಡೆ ಬೆರಳು ತೋರಿಸುತ್ತಾನೆ.
- ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಗೆಳೆಯ ಹೇಳಿದ್ದೇ ಸರಿ. ನ್ಯೂಜಿಲೆಂಡ್ ಎದುರು ಗೆದ್ದಾಗಲೂ 10ನೇ ನಂಬರ್ ಜಾಗದಲ್ಲಿ (ಫ್ಲೈಹಾಫ್, ಅಂದರೆ ಅಟ್ಯಾಕ್ ನಡೆಸುವವನು) ಫೋರ್ಡ್, ಅವರ ಪಕ್ಕ 12ರಲ್ಲಿ ಫ್ಯಾರೆಲ್ ಇದ್ದರು, ಅಲ್ವಾ? ಜೋಡಿ ಬದಲಾಗಲಿಲ್ಲ. ಅವರ ಕೈಗೆ ಚೆಂಡು ಬರುತ್ತಿದ್ದ ರೀತಿ ಬದಲಾಯಿತು.

ಪಂದ್ಯದ ಮೂರನೇ ನಿಮಿಷ ನೆನಪಿಸಿಕೊಳ್ಳಿ. ಟೈಟ್‌ಹೆಡ್ ಪ್ರಾಪ್ ಕೈಲ್ ಸಿಂಕ್ಲರ್ ತಲೆಗೆ ಪೆಟ್ಟು ಬಿದ್ದು ಹೊರಗೆ ಹೋದರು. ಬೆಂಚಿನಿಂದ ಡ್ಯಾನ್ ಕೋಲ್ ಬಂದರು. ಆ ಜಾಗಕ್ಕೆ ಇನ್ನೊಬ್ಬ ಆಟಗಾರ ಬೆಂಚಿನಲ್ಲಿ ಇರಲೇ ಇಲ್ಲ. ಟೈಟ್‌ಹೆಡ್ ಅಂದರೆ 3ನೇ ನಂಬರ್, ಸ್ಕ್ರಮ್‌ನಲ್ಲಿ ಅತಿ ಕಷ್ಟದ ಜಾಗ. ಅವನ ತಲೆ ಎದುರಿನ ಮುಂದಿನ ಸಾಲಿನ (ಫ್ರಂಟ್ ರೋ) ಲೂಸ್‌ಹೆಡ್ ಪ್ರಾಪ್ ಮತ್ತು ನಡುವಿನ ಹುಕರ್ ಇಬ್ಬರ ನಡುವೆ ಸಿಕ್ಕಿಕೊಂಡಿರುತ್ತದೆ, ಭಾರ ಎರಡೂ ಕಡೆಯಿಂದ ಬೀಳುತ್ತದೆ. ಎದುರಿಗಿದ್ದವರು ಯಾರು? ದಕ್ಷಿಣ ಆಫ್ರಿಕಾದ ಲೂಸ್‌ಹೆಡ್ ಟೆಂಡಾಯ್ ಮ್ಟವಾರಿರ, ಜನ 'ಬೀಸ್ಟ್' ಅಂತ ಕರೆಯುವವರು. ನಮ್ಮೂರ ಕಡೆ ಗರಡಿಯಲ್ಲಿ ಕುಸ್ತಿ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಸೊಂಟ ತಗ್ಗಿಸಿ ಎದುರಾಳಿಯ ಎದೆಯ ಕೆಳಗೆ ಹೊಕ್ಕವನದೇ ಮೇಲುಗೈ. ಬೀಸ್ಟ್ ಅದನ್ನೇ ಮತ್ತೆ ಮತ್ತೆ ಮಾಡಿದರು, ಇಂಗ್ಲೆಂಡ್ ಸ್ಕ್ರಮ್ ಎದ್ದುನಿಂತಿತು, ಇಲ್ಲವೇ ಕುಸಿಯಿತು, ರೆಫರಿ ಪೆನಾಲ್ಟಿ ಕೊಟ್ಟರು, ಹ್ಯಾಂಡ್ರೆ ಪೊಲಾರ್ಡ್ ಒದ್ದರು. ಆ ದಿನ ಪೊಲಾರ್ಡ್ ಗಳಿಸಿದ್ದು 6 ಪೆನಾಲ್ಟಿ (ತಲಾ 3 ಅಂಕ) ಮತ್ತು 2 ಕನ್ವರ್ಷನ್ (ಟ್ರೈ ಆದ ಮೇಲಿನ ಕಿಕ್, ತಲಾ 2 ಅಂಕ), ಒಟ್ಟು 22 ಅಂಕ.

ಈಗ ಅಟ್ಯಾಕ್ ವಿಷಯಕ್ಕೆ ಬರೋಣ. ಸ್ಕ್ರಮ್ ಅಂದರೆ ಬರೀ ತಳ್ಳಾಟ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಎರಡೂ ಕಡೆಯ 16 ಜನ ಒಂದೇ ಕಡೆ ಕಟ್ಟಿಹಾಕಿಕೊಂಡಿರುತ್ತಾರೆ. ಸ್ಕ್ರಮ್‌ಗೆ ಚೆಂಡು ಹಾಕಿ ಹೊರಗೆ ತೆಗೆಯುವ ಸ್ಕ್ರಮ್‌ಹಾಫ್‌ಗಳನ್ನು ಬಿಟ್ಟು ಉಳಿದವರು ತಮ್ಮ ಕಡೆಯ ಕೊನೆಯ ಕಾಲಿನಿಂದ 5 ಮೀಟರ್ ಹಿಂದೆ ನಿಲ್ಲಬೇಕು. ಹಾಗಾಗಿ ಬ್ಯಾಕ್‌ಗಳಿಗೆ (ಸ್ಕ್ರಮ್‌ನಲ್ಲಿ ಸೇರದೆ ಹಿಂದೆ ನಿಲ್ಲುವವರಿಗೆ) ಓಡಲು ಒಳ್ಳೆಯ ಜಾಗ ಸಿಗುತ್ತದೆ. ಆದರೆ ಸ್ಕ್ರಮ್ ಹಿಂದೆ ಸರಿದರೆ ಲೆಕ್ಕವೇ ಉಲ್ಟಾ. ಎದುರಾಳಿಯ ಕೊನೆಯ ಕಾಲು ಮುಂದೆ ಬರುತ್ತದೆ, ಅದರ ಜೊತೆ ಅವರ ಡಿಫೆನ್ಸ್ ಗೆರೆಯೂ ಮುಂದೆ ಬರುತ್ತದೆ, ಸ್ಕ್ರಮ್‌ನ ಕೊನೆಯಲ್ಲಿರುವ ನಮ್ಮ ನಂಬರ್ 8 ಹಿಂದೆ ಹೆಜ್ಜೆ ಇಡುತ್ತಾ ಚೆಂಡು ಎತ್ತಬೇಕು, ಫೋರ್ಡ್ ಕೈಗೆ ಅದು ತಲುಪುವಾಗ ಎದುರಾಳಿ ಮೈಮೇಲೇ ಬಂದಿರುತ್ತಾನೆ. ಅಂಥ ಚೆಂಡು ಕೊಟ್ಟು ಫ್ಲೈಹಾಫ್‌ನ ಬೈಯುವುದು ನ್ಯಾಯವಲ್ಲ.

ನಿಮ್ಮ ವಾದದಲ್ಲೂ ಸ್ವಲ್ಪ ಸತ್ಯ ಇದೆ. ಮೊದಲಾರ್ಧದಲ್ಲಿ ಇಂಗ್ಲೆಂಡ್ ಎದುರಾಳಿಯ ಗೋಲ್ ಗೆರೆಯ ಹತ್ತಿರ ಇಪ್ಪತ್ತಕ್ಕೂ ಜಾಸ್ತಿ ಫೇಸ್ (ಒಂದು ಟ್ಯಾಕಲ್‌ನಿಂದ ಮುಂದಿನದರವರೆಗಿನ ಆಟ) ಆಡಿತು. ಸಿಕ್ಕಿದ್ದು 3 ಅಂಕ. ದಕ್ಷಿಣ ಆಫ್ರಿಕಾದ ವಿಂಗರ್‌ಗಳು (ಅಂಚಿನಲ್ಲಿ ಆಡುವವರು) ಹೊರಗಿನಿಂದ ಒಳಕ್ಕೆ ನುಗ್ಗಿ ಅಗಲದ ಪಾಸನ್ನೇ ಮುಚ್ಚುತ್ತಿದ್ದರು. ಅಂಥ ಡಿಫೆನ್ಸ್ ಎದುರು ಅವರ ಬೆನ್ನ ಹಿಂದೆ ಚಿಕ್ಕ ಕಿಕ್ ಹಾಕಬೇಕು, ಇಲ್ಲ ಒಳಗಿನ ಪಾಸ್ ಕೊಡಬೇಕು. ಅದನ್ನು ಇನ್ನೂ ಜಾಸ್ತಿ ಮಾಡಬೇಕಿತ್ತು, ನನಗೂ ಹಾಗೇ ಅನಿಸುತ್ತದೆ. ಆದರೂ ವಿರಾಮಕ್ಕೆ 6-12, ಪಂದ್ಯ ಇನ್ನೂ ಕೈಯಲ್ಲೇ ಇತ್ತು. ಆ ವಿಂಗರ್‌ಗಳಾದ ಮಪಿಂಪಿ, ಕೊಲ್ಬೆ ಟ್ರೈ (ಗೋಲ್ ಗೆರೆಯಾಚೆ ಚೆಂಡು ನೆಲಕ್ಕೆ ಮುಟ್ಟಿಸುವುದು) ಹೊಡೆದಿದ್ದು 65 ನಿಮಿಷ ದಾಟಿದ ಮೇಲೆ. ಅಷ್ಟರಲ್ಲಿ ದಕ್ಷಿಣ ಆಫ್ರಿಕಾ ಬೆಂಚಿನಿಂದ ಹೊಸ ಫ್ರಂಟ್ ರೋ ಇಳಿಸಿತ್ತು, ಕೋಲ್ ಮಾತ್ರ ಆಡುತ್ತಲೇ ಇದ್ದರು.

ಪ್ರಶ್ನೆ: 2023ರ ವಿಶ್ವಕಪ್‌ನಲ್ಲಿ ಫ್ರಾನ್ಸ್ ಎದುರು ದಕ್ಷಿಣ ಆಫ್ರಿಕಾದ ವಿಲೆಮ್ಸೆ ತಮ್ಮದೇ ಕಡೆ ಕಿಕ್ ಹಿಡಿದು ಮಾರ್ಕ್ (ಎದುರಾಳಿಯ ಕಿಕ್ ನೇರವಾಗಿ ಹಿಡಿದವರು ಫ್ರೀ ಕಿಕ್ ಪಡೆಯಲು ಕೂಗುವುದು) ಕೂಗಿದರು. ಚೆಂಡನ್ನು ದೂರ ಒದೆಯುವ ಬದಲು ಸ್ಕ್ರಮ್ ಕೇಳಿದರು. ಯಾಕೆ?
- ಓದುಗರು, ಚಿತ್ರದುರ್ಗ

ಉತ್ತರ: ಅವರಿಗೆ ತಮ್ಮ ಸ್ಕ್ರಮ್ ಮೇಲೆ ಅಷ್ಟು ನಂಬಿಕೆ ಇತ್ತು. ಒದ್ದರೆ ಚೆಂಡು ಫ್ರಾನ್ಸ್ ಕೈಗೆ ಹೋಗುತ್ತಿತ್ತು, ಸ್ಕ್ರಮ್‌ನಲ್ಲಿ ಪೆನಾಲ್ಟಿ ಸಿಗುವ ಅವಕಾಶ ಇತ್ತು. ಪಂದ್ಯ 29-28ಕ್ಕೆ ಅವರದಾಯಿತು. ಮುಂದಿನ ವಾರ ಇಂಗ್ಲೆಂಡ್ ಎದುರು 6-15ರಿಂದ ಹಿಂದಿದ್ದಾಗಲೂ ಬೆಂಚಿನಿಂದ ಬಂದ ಆಕ್ಸ್ ನ್ಚೆ ಸ್ಕ್ರಮ್ ಮುರಿದರು, 78ನೇ ನಿಮಿಷದಲ್ಲಿ ಪೊಲಾರ್ಡ್ ಒದ್ದ ಪೆನಾಲ್ಟಿಯಿಂದ 16-15. ಇಂಗ್ಲೆಂಡ್ ಕಡೆಯವರಿಗೆ ಎಷ್ಟು ನೋವಾಗಿರಬೇಕು! ಅಂದಹಾಗೆ, ವಿಲೆಮ್ಸೆ ಮಾಡಿದ್ದನ್ನು ಈಗ ಮಾಡುವ ಹಾಗಿಲ್ಲ. 2024ರ ಜುಲೈಯಿಂದ ಫ್ರೀ ಕಿಕ್ ಬದಲು ಸ್ಕ್ರಮ್ ಕೇಳುವ ಆಯ್ಕೆ ತೆಗೆದಿದ್ದಾರೆ.

ಪ್ರಶ್ನೆ: ನಾವು ಆಡುವುದು ಏಳು ಜನರ ರಗ್ಬಿ. ನಮಗೆ ಸ್ಕ್ರಮ್ ಅಭ್ಯಾಸ ಸುಮ್ನೆ ಸಮಯ ಹಾಳು ಅಲ್ವಾ?
- ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಖಂಡಿತ ಅಲ್ಲ. ಸೆವೆನ್ಸ್ ಸ್ಕ್ರಮ್‌ನಲ್ಲಿ ಒಂದೊಂದು ಕಡೆ ಮೂರೇ ಜನ, ಆದರೆ ಮೈದಾನ ಅಷ್ಟೇ ದೊಡ್ಡದು. ಉಳಿದ ನಾಲ್ಕು ಜನ ಪೂರ್ತಿ ಅಗಲ ಕಾಯಬೇಕು. ಚೆಂಡು ಬೇಗ ಹೊರಗೆ ಬಂದರೆ ಟ್ರೈ ಗ್ಯಾರಂಟಿ ಅನ್ನುವಷ್ಟು ಜಾಗ ಸಿಗುತ್ತದೆ. ನೀವು ಬಲಕ್ಕಿಂತ ವೇಗಕ್ಕೆ ಅಭ್ಯಾಸ ಮಾಡಿ, ಹುಕರ್ ಚೆಂಡನ್ನು ಕಾಲಿನಿಂದ ಹಿಂದಕ್ಕೆ ಎಳೆದ ತಕ್ಷಣ ಸ್ಕ್ರಮ್‌ಹಾಫ್ ಪಾಸ್ ಕೊಡುವಂತಿರಬೇಕು.

ಪ್ರಶ್ನೆ: ನಾನು ಹೈಸ್ಕೂಲಿನ ಪಿಇಟಿ ಮೇಷ್ಟ್ರು. ಹುಡುಗರು ಸ್ಕ್ರಮ್ ಕಲಿಸಿ ಅಂತ ಹಟ ಹಿಡಿದಿದ್ದಾರೆ. ಭಯ ಆಗುತ್ತದೆ.
- ಓದುಗರು, ಹೊಳಲ್ಕೆರೆ

ಉತ್ತರ: ಮೇಷ್ಟ್ರೇ, ನಿಮ್ಮ ಭಯ ಸರಿಯಾದದ್ದೇ, ಕುತ್ತಿಗೆ ವಿಷಯ ಇದು. 19 ವರ್ಷದೊಳಗಿನವರ ನಿಯಮದಲ್ಲಿ ಸ್ಕ್ರಮ್ ಅನ್ನು 1.5 ಮೀಟರ್‌ಗಿಂತ ಜಾಸ್ತಿ ತಳ್ಳುವ ಹಾಗಿಲ್ಲ. ಫ್ರಂಟ್ ರೋಗೆ ತರಬೇತಿ ಪಡೆದವರು ಇಲ್ಲದಿದ್ದರೆ ತಳ್ಳುವುದೇ ಇಲ್ಲದ ಸ್ಕ್ರಮ್ ಆಡಿಸುತ್ತಾರೆ, ನೀವೂ ಅಲ್ಲಿಂದಲೇ ಶುರು ಮಾಡಿ. ಮೊದಲು ಇಬ್ಬಿಬ್ಬರೇ, ಬೆನ್ನು ನೇರ, ತಲೆ ಮೇಲೆ, ಭುಜ ಸೊಂಟಕ್ಕಿಂತ ಕೆಳಗೆ ಇಳಿಯಬಾರದು. 'ಕ್ರೌಚ್, ಬೈಂಡ್, ಸೆಟ್' ಅನ್ನುವ ಮೂರು ಕೂಗನ್ನು ನಿಧಾನವಾಗಿ ಹೇಳಿ, ಓಡಿ ಬಂದು ಗುದ್ದಲು ಬಿಡಬೇಡಿ. ಗಟ್ಟಿ ನೆಲದಲ್ಲಿ ಬೇಡ, ಹುಲ್ಲಿರುವ ಕಡೆ ಮಾಡಿಸಿ. ತರಬೇತಿ ಪಡೆದ ಕೋಚ್ ಒಬ್ಬರು ಎದುರಿಗೆ ನಿಲ್ಲುವವರೆಗೂ ಎಂಟು ಜನರ ಪೂರ್ತಿ ಸ್ಕ್ರಮ್ ಮಾಡಿಸಲೇಬೇಡಿ, ಹುಡುಗರು ಎಷ್ಟೇ ಕೇಳಲಿ.