ಹೀಟರ್ ಮುಂದೆ ಬಟ್ಟೆ, ಪಕ್ಕದಲ್ಲೇ ಆಕ್ಸಿಜನ್

ಪ್ರಶ್ನೆ: ಮಡಿಕೇರಿ ಬಳಿ ನಮ್ಮದೊಂದು ಸಣ್ಣ ವೃದ್ಧಾಶ್ರಮ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಟ್ಟೆ ಒಣಗದೆ ರೂಮ್ ಹೀಟರ್ ಮುಂದೆ ಹರವುತ್ತೇವೆ. ಇಬ್ಬರಿಗೆ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ತೆಗೆದು ಟ್ಯೂಬಿನಲ್ಲಿ ಮೂಗಿಗೆ ಕೊಡುವ ಮೆಷಿನ್) ಇದೆ. ಅಪಾಯವೇ?

ಉತ್ತರ: ಹೌದು, ಅದೂ ಎರಡು ಕಡೆಯಿಂದ. 2000 ವ್ಯಾಟ್ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ಪಿನ್ ಕೂರುವ ಜಾಗ ಕಾದು ಕಂದುಬಣ್ಣಕ್ಕೆ ತಿರುಗುತ್ತದೆ. ಆ ಕಲೆ ಕಂಡ ದಿನವೇ ಬೋರ್ಡ್ ಬಿಸಾಡಿ. ಹೀಟರಿಗೆ ಗೋಡೆಯ 16 ಆಂಪಿಯರ್ ಸಾಕೆಟ್ಟೇ ಬೇಕು. ಸುತ್ತ ಒಂದು ಮೀಟರ್ ಖಾಲಿ ಇರಲಿ. ಬಟ್ಟೆಯಂತೂ ಬೇಡವೇ ಬೇಡ.

ಆಮ್ಲಜನಕ ತಾನು ಉರಿಯುವುದಿಲ್ಲ, ಉರಿಯುವುದನ್ನು ಕೆರಳಿಸುತ್ತದೆ. ಮೆಷಿನ್ ಆರಿಸದೆ ಟ್ಯೂಬನ್ನು ಹಾಸಿಗೆ ಮೇಲೆ ಬಿಟ್ಟರೆ ಕಂಬಳಿಯ ಎಳೆಗಳಲ್ಲಿ ಅನಿಲ ತುಂಬಿಕೊಳ್ಳುತ್ತದೆ. ಆಮೇಲೆ ಒಂದು ಕಿಡಿ ಸಾಕು. ಮೊದಲು ಮೆಷಿನ್ ಆಫ್, ನಂತರ ಟ್ಯೂಬ್. ಆ ಕೋಣೆಯಲ್ಲಿ ಬೀಡಿ, ದೇವರ ದೀಪ ಎರಡೂ ಬೇಡ. ಅಜ್ಜಂದಿರು ಗೊಣಗಿದರೆ ಗೊಣಗಲಿ.

ರಾತ್ರಿ ಬೆಂಕಿ ಬಿದ್ದರೆ, ನಡೆಯಲಾಗದವರನ್ನು ಬೆಡ್‌ಶೀಟ್ ಸಮೇತ ನೆಲಕ್ಕಿಳಿಸಿ, ಶೀಟನ್ನು ತಲೆಯ ಕಡೆ ಹಿಡಿದು ಎಳೆಯಿರಿ. ಹೊರಬಂದ ಕೂಡಲೇ ಆ ಕೋಣೆಯ ಬಾಗಿಲು ಮುಚ್ಚಿ, 112ಕ್ಕೆ ಕರೆ ಮಾಡಿ.