ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಟೈಲಿಸ್ಟ್ ಆಗಲು ಚಿನ್ನ ಅಡವಿಡಬೇಕೇ?

ಪ್ರಶ್ನೆ: ಆರು ವರ್ಷದಿಂದ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸ, ಸಂಬಳ 22,000. ಯಾವ ಸೀರೆಗೆ ಎಂಥ ಬ್ಲೌಸ್ ಎಂದು ಗಿರಾಕಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಕೆಲಸ ಬಿಟ್ಟು ಪರ್ಸನಲ್ ಸ್ಟೈಲಿಸ್ಟ್ ಆಗುವ ಆಸೆ. ಚಿನ್ನ ಅಡವಿಟ್ಟು 4 ಲಕ್ಷ ತೆಗೆದು ಮಂಗಳೂರಿನ ಕದ್ರಿಯಲ್ಲಿ ಸ್ಟುಡಿಯೋ ಹಾಕಲೇ? – ಓದುಗರು, ಬಿಜೈ

ಉತ್ತರ: ಆಸೆ ಬಿಡಬೇಡಿ, ಸ್ಟುಡಿಯೋ ಬಿಡಿ. ಈ ಕೆಲಸ ನಡೆಯುವುದು ಗಿರಾಕಿಯ ಕಪಾಟಿನ ಎದುರು, ಆಮೇಲೆ ಹಂಪನಕಟ್ಟೆಯ ಅಂಗಡಿಗಳಲ್ಲಿ. ಕೋಣೆ ಬಾಡಿಗೆಗೆ ಹಿಡಿದವರು ಬಾಡಿಗೆ ಹುಟ್ಟಿಸಲಿಕ್ಕೆ ಸೀರೆ, ಇಮಿಟೇಶನ್ ಸರ ತಂದಿಟ್ಟು ಮಾರತೊಡಗುತ್ತಾರೆ. ಮಾರಾಟವಾಗದೆ ಉಳಿದ ಸರಕನ್ನೇ ಗಿರಾಕಿಗೆ ‘ನಿಮಗೆ ಒಪ್ಪುತ್ತದೆ’ ಎನ್ನಬೇಕಾಗುತ್ತದೆ. ಅಲ್ಲಿಗೆ ನಿಮ್ಮ ಮಾತಿನ ಬೆಲೆ ಹೋಯಿತು.

ಸಾಲದ ಲೆಕ್ಕವನ್ನೂ ನೋಡಿ. ತಿಂಗಳಿಗೆ ಶೇ. 1ರಂತೆ ಹಿಡಿದರೂ 4 ಲಕ್ಷಕ್ಕೆ 4,000 ಬಡ್ಡಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಟಿ ತಿಂಗಳು, ತುಳುವರಲ್ಲಿ ಮದುವೆ ಇಲ್ಲ. ಕ್ರೈಸ್ತರಲ್ಲಿ ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಇಲ್ಲ, ಬ್ಯಾರಿ ಮುಸ್ಲಿಮರಲ್ಲಿ ರಂಜಾನಿನಲ್ಲಿ ಇಲ್ಲ. ಬಡ್ಡಿಗೆ ಮಾತ್ರ ಆಟಿಯೂ ಇಲ್ಲ, ಉಪವಾಸವೂ ಇಲ್ಲ. ಹಾಗಾಗಿ ಮದುವೆಯೊಂದನ್ನೇ ನೆಚ್ಚಬೇಡಿ. ಕಪಾಟು ಸರಿಮಾಡಿಕೊಡುವ ಕೆಲಸ ಮಳೆಗಾಲದಲ್ಲೇ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ರೇಷ್ಮೆಗೆ ಬೂಷ್ಟು ಹಿಡಿದದ್ದು ಕಣ್ಣಿಗೆ ಬೀಳುವುದು ಆಗ.

ಕೆಲಸದಲ್ಲಿದ್ದುಕೊಂಡೇ ವಾರದ ರಜೆಯಲ್ಲಿ ಶುರುಮಾಡಿ. ನಾಲ್ಕು ತಿಂಗಳಲ್ಲಿ ನೆಂಟರಲ್ಲದ 10 ಮಂದಿ ದುಡ್ಡು ಕೊಟ್ಟು ಕರೆಯಬೇಕು. ಒಂದು ಮನೆಗೆ ಮೂರು ಗಂಟೆ ಇಟ್ಟುಕೊಳ್ಳಿ. ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಹಾಕಿಸಿ: ಹಾಕಿಕೊಳ್ಳುವಂಥದ್ದು, ರಿಪೇರಿಗೆ ಹೋಗುವಂಥದ್ದು, ಯಾರಿಗಾದರೂ ಕೊಟ್ಟುಬಿಡುವಂಥದ್ದು. ನಿಮ್ಮ ಕಸುಬು ಕಾಣುವುದು ನಡುವಿನ ರಾಶಿಯಲ್ಲಿ. ಬ್ಲೌಸನ್ನು ಒಳಮಗ್ಗುಲಾಗಿಸಿ, ಪಕ್ಕದ ಹೊಲಿಗೆಯಲ್ಲಿ ಬಟ್ಟೆ ಎಷ್ಟು ಉಳಿದಿದೆ ನೋಡಿ. ಒಂದಿಂಚು ಇದ್ದರೆ ಸಡಿಲ ಮಾಡಿಸಬಹುದು. ಕಂಕುಳೇ ಬಿಗಿಯಾಗಿದ್ದರೆ ಪಕ್ಕ ಬಿಚ್ಚಿದರೂ ಕೈ ಎತ್ತಿದಾಗ ಬ್ಲೌಸ್ ಮೇಲಕ್ಕೇ ಬರುತ್ತದೆ. ಅಂಥದ್ದಕ್ಕೆ ದುಡ್ಡು ಹಾಕಿಸಬೇಡಿ. ಬಣ್ಣ ನೋಡುವುದು ಕಿಟಕಿಯ ಹತ್ತಿರ, ಹಗಲು ಬೆಳಕಿನಲ್ಲಿ. ಅಂಗಡಿಯ ಹಳದಿ ದೀಪದಡಿ ಕೆನೆಬಣ್ಣವೂ ಬಿಳಿಯೂ ಒಂದೇ ತರ ಕಾಣುತ್ತದೆ. ಕೊನೆಗೆ ಇದ್ದ ಬಟ್ಟೆಯಲ್ಲೇ 12 ಜೋಡಣೆಗಳ ಫೋಟೋ, ಕೊಳ್ಳಬೇಕಾದ್ದರ ಪಟ್ಟಿ ವಾಟ್ಸ್ಆ್ಯಪ್ ಮಾಡಿ. ಪಟ್ಟಿ ಐದು ದಾಟಬಾರದು.

ಸ್ಟೀಮರ್, ಮಡಚುವ ಹ್ಯಾಂಗರ್ ಸ್ಟ್ಯಾಂಡ್, ಅಳತೆ ಟೇಪು, ಪಿನ್ನು, ಸೂಜಿ ನೂಲು ಸೇರಿ 15,000ದೊಳಗೆ ಮುಗಿಸಿ. ಸಾಲ ಬೇಕೇಬೇಕಾದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಸಣ್ಣ ಉದ್ದಿಮೆಗಳಿಗಿರುವ ಸರ್ಕಾರಿ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಏಜೆಂಟರಿಗೆ ಕಾಸು ಕೊಡಬೇಡಿ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಮುಟ್ಟದೆ ಇದ್ದು, ಸತತ ಮೂರು ತಿಂಗಳು ಈ ಕೆಲಸದಿಂದ ಸಂಬಳದ ಅರ್ಧದಷ್ಟು ಬಂದರೆ ರಾಜೀನಾಮೆ ಬರೆಯಿರಿ. ಆಮೇಲೂ ಹಿಂದೆಮುಂದೆ ನೋಡಿದರೆ ರಜೆಯ ದಿನ ಸಾಲದೆ ಬಂದ ಗಿರಾಕಿ ಕೈತಪ್ಪುತ್ತಾರೆ. ಕೆಲಸ ಬಿಡುವಾಗ ಅಂಗಡಿಯ ಗಿರಾಕಿಗಳ ಫೋನ್ ನಂಬರು ಹೊತ್ತುಕೊಂಡು ಬರಬೇಡಿ, ಅದು ತಪ್ಪು.

ಪ್ರಶ್ನೆ: ಎಷ್ಟು ಕೇಳಬೇಕೆಂದೇ ಗೊತ್ತಾಗುವುದಿಲ್ಲ. ಗಿರಾಕಿ ಕರೆತಂದರೆ ಶೇ. 10 ಕಮಿಷನ್ ಕೊಡುತ್ತೇವೆ ಎಂದು ಒಂದು ಬೊಟಿಕ್‌ನವರು ಹೇಳಿದ್ದಾರೆ. – ಓದುಗರು, ಮಣಿಪಾಲ

ಉತ್ತರ: ಮೇಲಿನ ಪತ್ರದ ಸಂಬಳವನ್ನೇ ಹಿಡಿಯಿರಿ. 22,000ವನ್ನು ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆಯಂತೆ ಭಾಗಿಸಿದರೆ ಗಂಟೆಗೆ ಸುಮಾರು 106 ರೂಪಾಯಿ. ಸ್ವಂತ ಕೆಲಸದಲ್ಲಿ ಫೋನು, ಓಡಾಟ, ಖಾಲಿ ದಿನಗಳಿಗೆ ಯಾರೂ ಕೊಡುವುದಿಲ್ಲ. ಹಾಗಾಗಿ ಆ 106ನ್ನು ಮೂರು ಪಟ್ಟು ಮಾಡಿ. ಮೂರು ಗಂಟೆಯ ಭೇಟಿಗೆ ಒಂದು ಗಂಟೆ ಪ್ರಯಾಣ, ಎರಡು ಗಂಟೆ ಫೋಟೋ ಮತ್ತು ಪಟ್ಟಿ ಸೇರಿ ಆರು ಗಂಟೆ. 2,000ಕ್ಕಿಂತ ಕಡಿಮೆ ಹೇಳಿದರೆ ಕೈಯಿಂದ ಹೋಗುತ್ತದೆ. ಅರ್ಧ ಮುಂಗಡ, ತಾರೀಕು ಗೊತ್ತಾದ ಕೂಡಲೇ.

ಕಮಿಷನ್ ಬೇಡ. 8,000ದ ಸೀರೆಗೆ 800, 30,000ದ ಸೀರೆಗೆ 3,000 ಸಿಗುವುದಾದರೆ ಎಂಥ ಪ್ರಾಮಾಣಿಕರ ಕಣ್ಣೂ ಎರಡನೆಯದರ ಕಡೆ ವಾಲುತ್ತದೆ. ಆ ಹತ್ತನ್ನು ಗಿರಾಕಿಯ ಬಿಲ್ಲಿನಲ್ಲೇ ಇಳಿಸಿಕೊಡಿ ಎಂದು ಬೊಟಿಕ್‌ನವರಿಗೆ ಹೇಳಿ. ನಿಮ್ಮ ಫೀಸಿನ ಒಂದು ಪಾಲು ಅಲ್ಲೇ ಗಿರಾಕಿಗೆ ವಾಪಸಾಗುತ್ತದೆ, ಮುಂದಿನ ಸಲ ಚೌಕಾಸಿ ಇರುವುದಿಲ್ಲ.

ಪ್ರಶ್ನೆ: ಜಿಎಸ್‌ಟಿ ಬೇಕಾ? – ಓದುಗರು, ಉಡುಪಿ

ಉತ್ತರ: ಇಲ್ಲೇ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಬೇಡ. ಬಿಲ್ ಪುಸ್ತಕ ಮಾತ್ರ ಮೊದಲ ದಿನದಿಂದಲೇ ಇರಲಿ.

ಪ್ರಶ್ನೆ: ಮೊದಲ ಮದುವೆ ಆರ್ಡರ್ ಒಪ್ಪಿಕೊಂಡಿದ್ದೇನೆ, ಭಯವಾಗುತ್ತಿದೆ. ಏನು ಕೈಕೊಡಬಹುದು? – ಓದುಗರು, ಕುಂದಾಪುರ

ಉತ್ತರ: ಮೊದಲು ಕರೆಂಟು. 1,500 ವಾಟ್ ಮೀರಿದ ಸ್ಟೀಮರಿಗೆ 16 ಆಂಪಿಯರ್ ಸಾಕೆಟ್ ಬೇಕು. ಸಾಮಾನ್ಯ 6 ಆಂಪಿಯರ್ ಸಾಕೆಟ್ ಹೊರುವುದು ಸುಮಾರು 1,380 ವಾಟ್ ಮಾತ್ರ; ಮದುವಣಗಿತ್ತಿಯ ಕೋಣೆಯಲ್ಲಿ ಹೆಚ್ಚಾಗಿ ಇರುವುದು ಅದೇ. ಹಿಂದಿನ ದಿನ ಹಾಲ್‌ಗೆ ಹೋಗಿ ನೋಡಿ, ಇಲ್ಲದಿದ್ದರೆ ಮನೆಯಲ್ಲೇ ಸ್ಟೀಮ್ ಮಾಡಿ, ನೆರಿಗೆ ಹಿಡಿದು ಕ್ಲಿಪ್ ಹಾಕಿ ತನ್ನಿ. ಜರಿಗೆ ನೇರ ಹಬೆ ಬೇಡ, ನೀರಿನ ಹನಿ ಬಿದ್ದಲ್ಲಿ ರೇಷ್ಮೆಗೆ ಕಲೆ ನಿಲ್ಲುತ್ತದೆ. ನಡುವೆ ತೆಳು ಹತ್ತಿ ಬಟ್ಟೆ ಹಿಡಿಯಿರಿ.

ಬ್ಲೌಸಿನ ಹತ್ತಿ ಲೈನಿಂಗನ್ನು ಕತ್ತರಿಸುವ ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಿದ್ದಾರೆಯೇ ಎಂದು ಟೈಲರನ್ನು ಕೇಳಿ. ಇಲ್ಲದಿದ್ದರೆ ಇಸ್ತ್ರಿಯ ಹಬೆಗೇ ಕುಗ್ಗಿ ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತದೆ. ರೋಸಿಗೋ (ಕ್ರೈಸ್ತರ ಮದುವೆಯ ಮುಂಚಿನ ತೆಂಗಿನಹಾಲಿನ ಶಾಸ್ತ್ರ) ಮೆಹಂದಿಗೋ ಕೈಮಗ್ಗದ ಹತ್ತಿಯ ಉಡುಪಿ ಸೀರೆ ಉಡಿಸುವುದಿದ್ದರೆ ಫಾಲ್‌ಗೂ ಅದೇ ನಿಯಮ. ಭುಜದ ಪಿನ್ನಿಗೆ ಮೊದಲು ಒಂದು ಮಣಿ ಪೋಣಿಸಿ, ಆಮೇಲೆ ಚುಚ್ಚಿ. ಪಿನ್ನಿನ ಸುರುಳಿಗೆ ಎಳೆ ಸಿಕ್ಕಿ ಸೀರೆ ಹರಿಯುವುದು ಆಗ ತಪ್ಪುತ್ತದೆ.

ಇನ್ನೊಂದು ಮಲ್ಲಿಗೆ. ಶಂಕರಪುರದ ಮಲ್ಲಿಗೆಯ ದರ ದಿನಾ ಬದಲಾಗುತ್ತದೆ, ಮದುವೆಯ ದಿನಗಳಲ್ಲಿ ಏರುತ್ತದೆ. ಲೆಕ್ಕ ಹೀಗೆ: ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿ ಒಂದು ಅಟ್ಟೆ. ಎಷ್ಟು ಚೆಂಡು ಎಂದು ಮೊದಲೇ ಬರೆದುಕೊಳ್ಳಿ, ‘ಹೂವು ಬೇರೆ, ಅಂದಿನ ದರಕ್ಕೆ’ ಎಂದು ಕೊಟೇಶನಿನಲ್ಲಿ ಸೇರಿಸಿ. ಒಟ್ಟು ಮೊತ್ತಕ್ಕೆ ಒಪ್ಪಿಕೊಂಡರೆ ನಿಮ್ಮ ಕೂಲಿ ಹೂವಿಗೇ ಹೋಗುತ್ತದೆ.

ಪ್ರಶ್ನೆ: ಗಂಡಸರೂ ದುಡ್ಡು ಕೊಟ್ಟು ಕರೆಯುತ್ತಾರಾ? – ಓದುಗರು, ಸುರತ್ಕಲ್

ಉತ್ತರ: ಇಂಟರ್‌ವ್ಯೂಗೆ ಹೋಗುವವರು, ರಜೆಯಲ್ಲಿ ಗಲ್ಫಿನಿಂದ ಬಂದು ಹೆಣ್ಣು ನೋಡುವವರು ಕರೆಯುತ್ತಾರೆ. ಭುಜದ ಹೊಲಿಗೆ ನೋಡಲು ಕಲಿಯಿರಿ: ಅದು ಭುಜದ ಎಲುಬಿನ ತುದಿಗೇ ನಿಲ್ಲಬೇಕು. ಕೆಳಗೆ ಜಾರಿದ ಶರ್ಟನ್ನು ಆಲ್ಟರ್ ಮಾಡಿಸುವ ಖರ್ಚಿಗೆ ಒಂದು ಸೈಜ್ ಸಣ್ಣದು ಕೊಳ್ಳುವುದೇ ಲೇಸು.