ಸೆಣಸಿದ್ದು ಯಾರೊಡನೆ?

ಕೊರಟಗೆರೆಯ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: “ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ‘ಶತ್ರುವಿನೊಡನೆ ಸೆಣಸಿ ಮಡಿದರು’ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅವರು ತೀರಿಕೊಂಡದ್ದು ಹಿಮಕುಸಿತದಿಂದ ಅಲ್ಲವೇ? ಹಾಗೆಂದು ತಿದ್ದಿ ಹೇಳಿದರೆ ನನ್ನ ಮೊಮ್ಮಗ, ‘ಯುದ್ಧವನ್ನೇ ಮಾಡದವರು ವೀರ ಹೇಗಾದರು ಅಜ್ಜಿ?’ ಎನ್ನುತ್ತಾನೆ.”

ಉತ್ತರ: ತಪ್ಪು ನನ್ನದೇ, ಮೇಡಂ. ಪುಟ ಮುಗಿಸುವ ಅವಸರದಲ್ಲಿ ಆ ಸಾಲು ತಾನಾಗಿ ಬಂದು ಕೂತಿತು. ಊರ ಬಾಗಿಲಿನ ಫ್ಲೆಕ್ಸ್‌ನಲ್ಲಿ ಓದಿ ಓದಿ ಬಾಯಿಪಾಠವಾದ ಸಾಲು ಅದು.

ನಡೆದದ್ದು ಬೇರೆ. ಸಿಯಾಚಿನ್‌ನಲ್ಲಿ 2003ರ ನವೆಂಬರಿನಿಂದ ಕದನವಿರಾಮವಿದೆ. ಗುಂಡಿಗಿಂತ ಚಳಿ, ಹಿಮಕ್ಕೇ ಅಲ್ಲಿ ಹೆಚ್ಚು ಮಂದಿ ಬಲಿಯಾಗಿದ್ದಾರೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಈ ಮನುಷ್ಯ 2002ರಲ್ಲಿ ಸೇನೆ ಸೇರಿದವರು. ಜಮ್ಮು-ಕಾಶ್ಮೀರ, ಈಶಾನ್ಯ ಭಾರತ ಎಂದು ಸೇವೆಯ ಬಹುಪಾಲು ಕಠಿಣ ಜಾಗಗಳಲ್ಲೇ ಕಳೆದು, ಕೊನೆಗೆ ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಗೆ ಹೋದರು. 2016ರ ಫೆಬ್ರುವರಿ 3ರಂದು ಹಿಮದ ಗೋಡೆಯೊಂದು ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿಯನ್ನು ಹೂತುಹಾಕಿತು. ಕಲ್ಲಿನಷ್ಟು ಗಟ್ಟಿಯಾಗಿದ್ದ ಆ ಹಿಮವನ್ನು ಯಂತ್ರಗಳಿಂದ ಕೊರೆದು, ನಾಯಿಗಳ ಮೂಗನ್ನು ನಂಬಿ ಹುಡುಕಿದರು. ಆರನೇ ದಿನ, ಇಪ್ಪತ್ತೈದು ಅಡಿಗೂ ಕೆಳಗೆ, ಇವರೊಬ್ಬರಲ್ಲಿ ಉಸಿರಿತ್ತು.

ಆಮೇಲಿನ ಮೂರು ದಿನ ನನಗೆ ಚೆನ್ನಾಗಿ ನೆನಪಿದೆ. ತುಮಕೂರಿನ ನಮ್ಮ ಕಚೇರಿಯೆದುರಿನ ಹೋಟೆಲಿನಲ್ಲಿ ಟಿವಿ ಆರಿದ್ದೇ ಇಲ್ಲ. ಕಾಫಿ ಕುಡಿಯಲು ಬಂದವರು, “ಕಣ್ಣು ಬಿಟ್ಟರಂತಾ?” ಎಂದು ಸ್ವಂತ ಅಣ್ಣನನ್ನು ಐಸಿಯುಗೆ ಸೇರಿಸಿದವರಂತೆ ಕೇಳುತ್ತಿದ್ದರು. 11ರ ಮಧ್ಯಾಹ್ನಕ್ಕೆ ಮುಂಚೆ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಎಲ್ಲ ಮುಗಿಯಿತು. ವಯಸ್ಸು 33. ಹೋಟೆಲಿನವರು ಟಿವಿ ಆರಿಸಿ ಹಾಗೇ ನಿಂತಿದ್ದರು.

ಇನ್ನು ಮೊಮ್ಮಗನ ಪ್ರಶ್ನೆ. ಅವನನ್ನು ನಿಮ್ಮ ಕಡೆಯ ಯಾವುದಾದರೂ ವೀರಗಲ್ಲಿನ ಮುಂದೆ ಕರೆದೊಯ್ಯಿರಿ. ಕೆಳಗೆ ಕಾದಾಟ, ಮೇಲೆ ಅಪ್ಸರೆಯರು, ತುದಿಯಲ್ಲಿ ಶಿವಲಿಂಗ. ಆದರೆ ನಮ್ಮ ಹಿರಿಯರು ಬರೀ ರಣರಂಗದಲ್ಲಿ ಬಿದ್ದವನಿಗೆ ಕಲ್ಲು ನಿಲ್ಲಿಸಲಿಲ್ಲ. ಊರ ದನ ಉಳಿಸಲು ಹೋದವನಿಗೂ ನಿಲ್ಲಿಸಿದರು, ಹುಲಿಗೆ ಎದುರಾದವನಿಗೂ ನಿಲ್ಲಿಸಿದರು. ಹುಲಿ ಕೊಂದಿದ್ದರೆ ಹುಲಿಯನ್ನೇ ಕೆತ್ತಿದರು. ಶತ್ರುಸೈನಿಕ ಎಂದು ಬದಲಾಯಿಸಲಿಲ್ಲ! ಆ ಶಿಲ್ಪಿಗಿದ್ದ ನಿಯತ್ತು ನನಗಿರಲಿಲ್ಲ.

ನೀವು ಗುರುತಿಸದ ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಉಳಿದ ಒಂಬತ್ತು ಮಂದಿಯನ್ನು “ಸಹಚರರು” ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೆ. ಅವರಲ್ಲಿ ಹಾಸನದ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ ನಮ್ಮ ರಾಜ್ಯದವರೇ. ಮಿಕ್ಕವರೂ ಒಂದೊಂದು ಮನೆಗೆ ಮಗನೋ ಅಪ್ಪನೋ ಆಗಿದ್ದವರು. ತಿದ್ದುಪಡಿ ಮುಂದಿನ ಸಂಚಿಕೆಯ ಮೂರನೇ ಪುಟದಲ್ಲಿ ಬರುತ್ತದೆ, ಹತ್ತೂ ಹೆಸರುಗಳ ಸಮೇತ. ಕಾಗುಣಿತ ತಪ್ಪಿದ್ದರೆ ಮತ್ತೆ ಬರೆಯಿರಿ.

— ಸಂ.